ಅಕ್ಟೋಬರ್ 14ರ ನಂತರ ನಮ್ಮ ಅಂಗಡಿಯ ಮೂರು ಕಂಪ್ಯೂಟರ್

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ. ಆ ಹೊತ್ತಿಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಜನ ಓಡಾಡೋದಿಲ್ಲ, ಬಿಸಿಲು ಹಾಗಿರುತ್ತದೆ. ಶಟರ್ ಅರ್ಧ ಇಳಿಸಿ ಬುತ್ತಿ ಬಿಚ್ಚಿದ್ದೆ. ಒಬ್ಬ ಹುಡುಗಿ ಬಗ್ಗಿ ಒಳಗೆ ಬಂದಳು. "ಅಕ್ಕಾ, ನಮ್ಮ ಅಜ್ಜಾರ ಪುಸ್ತಕ ನಿಮ್ಮಲ್ಲೇ ಟೈಪ್ ಆಗಿತ್ತಂತ್ರಿ. ಇನ್ನೂ ಅದಾ ಏನ್ರಿ?" ಅಂದಳು.

ಅಜ್ಜಾರ ಹೆಸರು ಹೇಳಿದ ಕೂಡಲೇ ನೆನಪಾಯಿತು. ಆಳಂದ ಕಡೆಯ ನಿವೃತ್ತ ಮೇಷ್ಟ್ರು. 2009ರಲ್ಲಿ ನಾಲ್ಕು ನೋಟ್‌ಬುಕ್ ತಂದಿದ್ದರು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಹಾಡುವ ಬೀಸುಕಲ್ಲಿನ ಪದ, ಕಣದಲ್ಲಿ ಹಾಡುವ ಹಂತಿ ಪದ, ಎಲ್ಲ ಸೇರಿ 212 ಹಾಡು. ಮೂರು ತಿಂಗಳು ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಪ್ರೂಫ್ ನೋಡುತ್ತಿದ್ದರು. ಒಂದು ದೀರ್ಘ ತಪ್ಪಿದ್ದರೆ ಬಾಯಲ್ಲಿ ಹೇಳುತ್ತಿರಲಿಲ್ಲ, ಆ ಸಾಲು ಹಾಡಿಬಿಡುತ್ತಿದ್ದರು. 300 ಪ್ರತಿ ಅಚ್ಚಾಯಿತು. ಈಗ ಮೇಷ್ಟ್ರು ಇಲ್ಲ. ಮನೆಯಲ್ಲಿ ಉಳಿದಿದ್ದ ಕೊನೆಯ ಕಟ್ಟಿಗೆ ಗೆದ್ದಲು ಹಿಡಿದಿದೆ.

ಬುತ್ತಿ ಹಾಗೇ ಮುಚ್ಚಿ ಸಿಡಿ ಹುಡುಕಿದೆ. ಸಿಕ್ಕಿತು, ಓದಿತು ಕೂಡ. ಪುಟ ಜೋಡಿಸುವ ಸಾಫ್ಟ್‌ವೇರ್ ಆದ ಪೇಜ್‌ಮೇಕರ್‌ನಲ್ಲಿ ತೆರೆದರೆ ಹಾಡುಗಳು ಅವತ್ತು ಇಟ್ಟ ಹಾಗೇ ಇದ್ದವು. ಹುಡುಗಿಗೆ ಕಣ್ಣು ತುಂಬಿ ಬಂತು. "ಫೋನಿಗೆ ಕಳಸ್ರಿ ಅಕ್ಕಾ, ಅವ್ವ ಓದ್ತಾಳ" ಅಂದಳು. ಮೊದಲ ಹಾಡನ್ನು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದೆ.

ಅವಳ ಫೋನಿಗೆ ಹೋದದ್ದು ಹಾಡಲ್ಲ, ಇಂಗ್ಲಿಷ್ ಅಕ್ಷರಗಳ ರಾಶಿ.

ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ ಮಾಡುವವರಿಗೆ ಇದು ಹೊಸದಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಕನ್ನಡ ಟೈಪ್ ಮಾಡುವ 'ನುಡಿ' ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ 'ಕನ್ನಡ' ಅಂತ ಟೈಪ್ ಮಾಡಿ, ಆಮೇಲೆ ಆ ಫಾಂಟನ್ನು ತೆಗೆದುಬಿಡಿ. ಏನು ಕಾಣುತ್ತದೆ ಗೊತ್ತಾ? ಒಂದು ದೊಡ್ಡ ಪಿ. ತಲೆ ಮೇಲೆ ಗೀಟಿರುವ ಎ. ಪೌಂಡ್ ಹಣದ ಗುರುತು. ಮತ್ತೆ ಅದೇ ಎ. ಜರ್ಮನ್ನರು ಬರೆಯುವ, ಬಿ ಥರ ಕಾಣುವ ಒಂದು ಅಕ್ಷರ. ಸಣ್ಣ ಕ್ಯೂ. ಕೊನೆಗೆ ಇನ್ನೊಂದು ಸಲ ಆ ಎ. ಕಂಪ್ಯೂಟರಿನ ಒಳಗೆ ಇದ್ದದ್ದು ಈ ಏಳು ಗುರುತುಗಳು ಮಾತ್ರ. ಇಂಗ್ಲಿಷ್ ಅಕ್ಷರ ಕೂರುವ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದೆವು, ಅಷ್ಟೇ. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ, ಪೇಜ್‌ಮೇಕರ್‌ಗೆ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ನಂಬರು ಕೊಡುವ ಪದ್ಧತಿ) ಅರ್ಥವಾಗುತ್ತಿರಲಿಲ್ಲ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಜಾಗ ಇದೆ. ಅಲ್ಲಿ ಕ ಅಂದರೆ ಕ, ಅದಕ್ಕೊಂದು ಸ್ವಂತ ನಂಬರು. ವಿಂಡೋಸ್ ಇರಲಿ, ಮ್ಯಾಕ್ ಇರಲಿ, ಫೋನ್ ಇರಲಿ, ಆ ನಂಬರು ಕಂಡರೆ ಎಲ್ಲವೂ ಕ ಅಂತಲೇ ಬರೆಯುತ್ತವೆ.

ಆ ದಿನಕ್ಕೆ ಮೊದಲೇ, ಎರಡು-ಮೂರು ತಿಂಗಳಿಂದ, ಅಂಗಡಿಗೆ ಮುಂದೆ ಯಾವ ಕಂಪ್ಯೂಟರ್ ಅಂತ ನಾನು ಯೋಚನೆಯಲ್ಲಿದ್ದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಅಪ್‌ಡೇಟ್ ನಿಲ್ಲುತ್ತದೆ ಅಂತ ತೆರೆ ಮೇಲೆ ಸೂಚನೆ ಬರುತ್ತಲೇ ಇತ್ತು. ಕೇಳಿದವರೆಲ್ಲ ಒಂದೊಂದು ಹೇಳುತ್ತಿದ್ದರು. ಯಾವುದು ಚೆನ್ನ, ಯಾವುದು ಅಗ್ಗ, ಯಾವುದು ಜಾಸ್ತಿ ವರ್ಷ ಬಾಳುತ್ತದೆ ಅಂತಲೇ ನಾನೂ ಲೆಕ್ಕ ಹಾಕುತ್ತಿದ್ದೆ. ಆ ಹುಡುಗಿ ಬಂದು ಹೋದ ಮೇಲೆ ಲೆಕ್ಕ ಬದಲಾಯಿತು. 22 ವರ್ಷದಿಂದ ನಾನು ಕೂಡಿಸಿದ ಅಕ್ಷರಗಳು ಒಂದೇ ಫಾಂಟಿಗೆ, ಒಂದೇ ಸಾಫ್ಟ್‌ವೇರ್‌ಗೆ ಕಟ್ಟಿಬಿದ್ದಿವೆ. ಆ ಕಟ್ಟು ಬಿಚ್ಚದೆ ಯಾವ ಕಂಪ್ಯೂಟರ್ ತಂದರೂ ನಾನು ಆರಿಸಿದ ಹಾಗಾಗುವುದಿಲ್ಲ. ಈ ಹಳೇ ಫೈಲುಗಳೇ ನನಗಾಗಿ ಆರಿಸಿಬಿಟ್ಟಿರುತ್ತವೆ.

ನಮ್ಮಲ್ಲಿರುವ ಮಷೀನು ಮೂರು. ಕೌಂಟರಿನದು 2016ರಲ್ಲಿ ಜೋಡಿಸಿದ್ದು, ಇಂಟೆಲ್‌ನ 6ನೇ ಪೀಳಿಗೆಯ ಐ5 ಪ್ರೊಸೆಸರ್. ನನ್ನ ಕನ್ನಡ ಕೆಲಸವೆಲ್ಲ ಅದರಲ್ಲೇ. ಗೋಡೆ ಬದಿಯದು ಇನ್ನೂ ಹಳೆಯದು, ವಿಂಡೋಸ್ 7, ಉರ್ದು ಕೆಲಸಕ್ಕೆ ಇನ್‌ಪೇಜ್ ಇರುವುದು ಅದರಲ್ಲಿ. ನಮ್ಮೂರಲ್ಲಿ ಮದುವೆ ಕಾರ್ಡು ಅಂದರೆ ಕನ್ನಡ, ಉರ್ದು, ಮರಾಠಿ ಮೂರೂ ಬೇಕಲ್ವಾ? ಮೂರನೆಯದು ನನ್ನ ತಮ್ಮನ ಲ್ಯಾಪ್‌ಟಾಪ್, 8ನೇ ಪೀಳಿಗೆಯದು. ಹಿಂದಿನ ಕೋಣೆಯಲ್ಲಿ ಕೂತು ಅವನು ತೊಗರಿ ಬೇಳೆ ಮಿಲ್ಲುಗಳ ಲೆಕ್ಕ ಬರೆಯುತ್ತಾನೆ.

ತಮ್ಮನ ಲ್ಯಾಪ್‌ಟಾಪಿನ ವಿಷಯ ಐದು ನಿಮಿಷದಲ್ಲಿ ಮುಗಿಯಿತು. ಲೆಕ್ಕ ಬರೆಯುವ ಟ್ಯಾಲಿ ವಿಂಡೋಸ್‌ನಲ್ಲೇ ಓಡಬೇಕು. ಡಿಜಿಟಲ್ ಸಹಿಯ ಟೋಕನ್ ಸಹ ಅಲ್ಲೇ ತಕರಾರಿಲ್ಲದೆ ಕೆಲಸ ಮಾಡುತ್ತದೆ. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಅನ್ನುವ ಸುರಕ್ಷತೆಯ ಭಾಗ ಅದರಲ್ಲಿದೆ. ಹಾಕಿದ್ದಾಯಿತು.

ಕೌಂಟರಿನ ಮಷೀನೇ ತೊಡಕು. ವಿಂಡೋಸ್ 11, ಕೆಲವನ್ನು ಬಿಟ್ಟರೆ, 8ನೇ ಪೀಳಿಗೆಗಿಂತ ಹಳೆಯ ಇಂಟೆಲ್ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ನನ್ನದು 6ನೆಯದು. ಮಷೀನಿಗೆ ಏನೂ ಆಗಿಲ್ಲ, ಇನ್ನೂ ಐದು ವರ್ಷ ದುಡಿಯುವ ಹಾಗಿದೆ. ಸುಮ್ನೆ ಗುಜರಿಗೆ ಹಾಕಲು ಮನಸ್ಸು ಒಪ್ಪಲಿಲ್ಲ. ವಿಂಡೋಸ್ 10ಕ್ಕೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರ ತನಕ, ಸುರಕ್ಷತೆಯ ಅಪ್‌ಡೇಟ್ ಪಡೆಯುವ ದಾರಿ ಇತ್ತು. ಆದರೆ ಅಲ್ಲಿ ನನಗೊಂದು ಮುಳ್ಳು ಚುಚ್ಚಿತು. 2016ರಲ್ಲಿ ಮಷೀನು ಜೋಡಿಸಿಕೊಟ್ಟವರು ಹಾಕಿದ್ದ ವಿಂಡೋಸ್ ಅಸಲಿ ಅಲ್ಲ. ಅದು ನನಗೆ ತಿಳಿದದ್ದು ಎಷ್ಟೋ ತಡವಾಗಿ. ಒಂದು ಕನ್ನಡ ಪುಟಕ್ಕೆ ನಾನು 30 ರೂಪಾಯಿ ತೆಗೆದುಕೊಳ್ಳುತ್ತೇನೆ. ಯಾರಾದರೂ ಪ್ರಿಂಟ್ ತೆಗೆದುಕೊಂಡು ದುಡ್ಡು ಕೊಡದೆ ಹೋದರೆ ಹೊಟ್ಟೆ ಉರಿಯುತ್ತದೆ. ಇನ್ನೊಬ್ಬರ ದುಡಿಮೆಯನ್ನು ನಾನು ಹಾಗೆ ಬಳಸುವುದು ಬೇಡ ಅನ್ನಿಸಿತು. ಈ ಮಷೀನಿನಲ್ಲಿ ಇನ್ನು ಇರುವುದೆಲ್ಲ ಹಕ್ಕಿನದಾಗಿರಬೇಕು ಅಂತ ಗಟ್ಟಿ ಮಾಡಿಕೊಂಡೆ.

ಹಾಗಂತ ವಿಂಡೋಸ್ ಬಗ್ಗೆ ನನಗೆ ಕಹಿ ಇಲ್ಲ. ನನ್ನ ಅನ್ನ ಹುಟ್ಟಿದ್ದೇ ಅದರ ಮೇಲೆ. 2001ರ ಪೇಜ್‌ಮೇಕರ್ 2025ರಲ್ಲೂ ಅದರ ಮೇಲೆ ಓಡುತ್ತಿದೆ ಅಂದರೆ ಸಣ್ಣ ಮಾತಲ್ಲ. ಎಕ್ಸ್‌ಪಿ ಕಾಲ ನೆನಪಿರುವವರಿಗೆ ಗೊತ್ತು, ಕನ್ನಡ ಯೂನಿಕೋಡ್ ಕಾಣಬೇಕಾದರೆ ವಿಂಡೋಸ್ ಸಿಡಿ ಮತ್ತೆ ಹಾಕಿ, ಭಾಷೆಯ ಸೆಟ್ಟಿಂಗ್‌ಗೆ ಹೋಗಿ, ಒಂದು ಚೌಕದಲ್ಲಿ ಟಿಕ್ ಮಾಡಿ ಫೈಲು ಇಳಿಸಬೇಕಿತ್ತು. ಇದ್ದದ್ದು ತುಂಗಾ ಫಾಂಟ್ ಒಂದೇ. ಆಮೇಲೆ ನಿರ್ಮಲಾ ಬಂತು, ಈಗ ಕನ್ನಡ ತಾನಾಗಿಯೇ ಇರುತ್ತದೆ.

ಮ್ಯಾಕ್ ಬಗ್ಗೆ ನನಗೆ ಮೊದಲಿಂದಲೂ ಒಂದು ಗೌರವ. ನಮ್ಮ ವೃತ್ತಿ ಹುಟ್ಟಿದ್ದೇ ಅಲ್ಲಿ. ಪೇಜ್‌ಮೇಕರ್ 1985ರಲ್ಲಿ ಮೊದಲು ಬಂದದ್ದು ಮ್ಯಾಕಿಂತೋಷ್‌ಗೆ. ಅದನ್ನು ಮಾಡಿದ ಆಲ್ಡಸ್ ಕಂಪನಿಯ ಪಾಲ್ ಬ್ರೇನರ್ಡ್ ಅವರೇ ಈ ಕೆಲಸಕ್ಕೆ 'ಡೆಸ್ಕ್‌ಟಾಪ್ ಪಬ್ಲಿಷಿಂಗ್' ಅಂತ ಹೆಸರಿಟ್ಟವರು. ನಮ್ಮ ಅಂಗಡಿಯ ಬೋರ್ಡಿನ ಮೇಲಿರುವ ಡಿಟಿಪಿ ಅನ್ನುವ ಮೂರು ಅಕ್ಷರ ಅಲ್ಲಿಂದ ಬಂದದ್ದು.

ದಸರೆಗೆ ನನ್ನ ಅಕ್ಕನ ಮಗ ಹೈದರಾಬಾದಿನಿಂದ ಬಂದಿದ್ದ. ಅವನ ಹತ್ತಿರ ಮ್ಯಾಕ್‌ಬುಕ್ ಏರ್ ಇದೆ. ಎರಡು ದಿನ ನನ್ನ ಕೈಗೆ ಕೊಟ್ಟು ಹೋದ. ನಾನು ಒಂದು ಪರೀಕ್ಷೆಯ ಪುಟ ಮಾಡಿಟ್ಟುಕೊಂಡಿದ್ದೆ. ಕರ್ನಾಟಕ, ಸ್ತ್ರೀ, ಜ್ಞಾನ, ಪಾರ್ಶ್ವ, ರ‍್ಯಾಂಕ್ ಇಂಥ ಪದಗಳು, ಒತ್ತಕ್ಷರ ಜಾಸ್ತಿ ಇರುವ ಒಂದು ಪ್ಯಾರಾ. ಹೊಸ ಮಷೀನು ಯಾವುದೇ ಇರಲಿ, ಮೊದಲು ಅದರ ಮೇಲೆ ಈ ಪುಟ. ಮ್ಯಾಕ್‌ನಲ್ಲಿ ಎಲ್ಲ ಸರಿಯಾಗಿ ಕೂತವು. ಆ ತೆರೆಯ ಮೇಲೆ ಕನ್ನಡ ನೋಡುವುದೇ ಒಂದು ಸುಖ. ಒತ್ತಿನ ತುದಿ, ಕೊಂಬಿನ ತಿರುವು, ಎಲ್ಲ ಅಚ್ಚಾದ ಕಾಗದದ ಹಾಗೆ ಚೂಪಾಗಿ ಕಾಣುತ್ತದೆ. ಆ ಎರಡು ದಿನದಲ್ಲಿ ಮೂರು ಸಲ ಕರೆಂಟ್ ಹೋಯಿತು. ಅದು ಜಗ್ಗಲಿಲ್ಲ. ಒಳಗೆ ಫ್ಯಾನ್ ಇಲ್ಲ, ಹಾಗಾಗಿ ಧೂಳು ಎಳೆದುಕೊಳ್ಳುವುದೂ ಇಲ್ಲ. ನಮ್ಮೂರ ಧೂಳು ನೋಡಿದವರಿಗೆ ಇದರ ಬೆಲೆ ಗೊತ್ತು. ವರ್ಷಕ್ಕೆ ಎರಡು ಸಲ ನಾನು ಕ್ಯಾಬಿನೆಟ್ ಬಿಚ್ಚಿ ಬ್ಲೋವರ್ ಹಿಡಿದರೆ ಅಂಗಡಿ ತುಂಬ ಪುಡಿ ಹಾರುತ್ತದೆ.

ತಗೊಳ್ಳಲಿಲ್ಲ ಯಾಕೆ? ಅಗ್ಗದ ಮ್ಯಾಕ್ ಅಂದರೆ ಮಿನಿ. ಎಂ4 ಚಿಪ್ಪಿನದು ಬಂದಾಗ ಇಲ್ಲಿನ ಬೆಲೆ 59,900 ರೂಪಾಯಿ. ನನ್ನ ಲೆಕ್ಕದಲ್ಲಿ ಅದು 2,000 ಪುಟ. ಅದಾದರೂ ಕಂತಿನಲ್ಲಿ ಕಟ್ಟಬಹುದಿತ್ತು. ಆದರೆ ಅದರ ಮೆಮೊರಿ ಮುಂದೆ ಹೆಚ್ಚಿಸಲಿಕ್ಕೆ ಬರೋದಿಲ್ಲ. ನಮ್ಮ ಸಾಲಿನಲ್ಲಿ ಅದನ್ನು ಬಿಚ್ಚಿ ಕೂಡಿಸುವವರು ಯಾರೂ ಇಲ್ಲ. ನನಗೆ ನನ್ನ ಮಷೀನು ನನ್ನ ಸ್ಕ್ರೂಡ್ರೈವರಿಗೆ ಸಿಗಬೇಕು. ಮದುವೆ ಸೀಸನ್ನಿನಲ್ಲಿ ಒಂದು ದಿನ ಮಷೀನು ನಿಂತರೆ ಹತ್ತು ಮನೆಯ ಕಾರ್ಡು ನಿಲ್ಲುತ್ತದೆ. ಹಳೇ ಮಷೀನು ಕೈಬಿಡುವುದು ಅಲ್ಲೂ ಇದೆ. ಆಪಲ್ 1994ರಲ್ಲಿ ಒಂದು ಸಲ ಚಿಪ್ ಬದಲಿಸಿತು, 2006ರಲ್ಲಿ ಇಂಟೆಲ್‌ಗೆ ಬಂತು, 2020ರಲ್ಲಿ ಸ್ವಂತ ಚಿಪ್‌ಗೆ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ಬಂದ ಟಾಹೋ ಆವೃತ್ತಿಯೇ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದು. ಇನ್ನೊಂದು ಸಣ್ಣ ಮಾತು, ನನಗೆ ಅದೇ ದೊಡ್ಡದು. ನನ್ನ ಬೆರಳಿಗೆ ಕೂತ ನುಡಿ ಕೀಲಿಮಣೆ ಅವನ ಮ್ಯಾಕಿನ ಪಟ್ಟಿಯಲ್ಲಿ ನನಗೆ ಕಾಣಲಿಲ್ಲ.

ಕೀಲಿಮಣೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಕೆ.ಪಿ. ರಾವ್ ಅವರು ಮಾಡಿದ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ನುಡಿಗೆ ಕೀಲಿಮಣೆ ಮಾಡಿತು. 'ಕಲಬುರಗಿ' ಅಂತ ಬರೆಯಬೇಕು ಅಂದುಕೊಳ್ಳಿ. ಇಂಗ್ಲಿಷ್ ಸ್ಪೆಲ್ಲಿಂಗ್ ಹಾಗೆ ಬರೆದರೆ ಹತ್ತು ಸಲ ಒತ್ತಬೇಕು. ನುಡಿಯಲ್ಲಿ ಏಳೇ ಸಲ. ಕೆ ಒತ್ತಿದರೆ ಕ, ಎಲ್ ಒತ್ತಿದರೆ ಲ. ಅಕಾರ ಅಕ್ಷರದ ಒಳಗೇ ಇದೆ, ಬೇರೆ ಒತ್ತಬೇಕಿಲ್ಲ. ಒತ್ತಕ್ಷರ ಬೇಕಾದರೆ ನಡುವೆ ಎಫ್. ಕನ್ನಡ ಅಕ್ಷರ ಹೇಗೆ ಕಟ್ಟಿದೆಯೋ ಕೀಲಿಗಳೂ ಹಾಗೇ ನಡೆಯುತ್ತವೆ. ದಿನಕ್ಕೆ 40 ಪುಟ ಹೊಡೆಯುವ ಕೈಗೆ ಈ ಮೂರು ಕೀಲಿಯ ಉಳಿತಾಯ ಎಷ್ಟು ಅಂತ ಸಂಜೆ ಹೊತ್ತಿಗೆ ಮಣಿಕಟ್ಟು ಹೇಳುತ್ತದೆ. 22 ವರ್ಷದಿಂದ ನಾನು ಕೀಲಿಮಣೆ ನೋಡಿ ಟೈಪ್ ಮಾಡಿಲ್ಲ. ಇದನ್ನು ಬಿಟ್ಟು ಬೇರೆ ಕಲಿ ಅಂದರೆ ಕೈಬರಹ ಬದಲಾಯಿಸು ಅಂದ ಹಾಗೆ.

ವಿಂಡೋಸ್ ಬದಲಿಗೆ ಹಾಕಬಹುದಾದ, ಪುಕ್ಕಟೆ ಸಿಗುವ ಲಿನಕ್ಸ್ ನನಗೆ ಪೂರಾ ಹೊಸದಲ್ಲ. ನನ್ನ ಡ್ರಾಯರಿನಲ್ಲಿ ಇನ್ನೂ ಒಂದು ಉಬುಂಟು ಅನ್ನುವ ಲಿನಕ್ಸ್‌ನ ಸಿಡಿ ಇದೆ, 2007ರದು. ಆಗ ಅವರು ಕೇಳಿದವರಿಗೆ ಪುಕ್ಕಟೆ ಅಂಚೆಯಲ್ಲಿ ಸಿಡಿ ಕಳಿಸುತ್ತಿದ್ದರು, 2011ರ ತನಕ ಅದು ನಡೆಯಿತು. ಸೈಬರ್ ಕೆಫೆಯಲ್ಲಿ ಕೂತು ವಿಳಾಸ ತುಂಬಿದ್ದೆ. ನಿಜವಾಗಲೂ ಬರುತ್ತದೆ ಅಂತ ನಂಬಿರಲಿಲ್ಲ. ಕೆಲವು ವಾರ ಬಿಟ್ಟು ಪೋಸ್ಟ್‌ಮನ್ ಪರದೇಶದ ಲಕೋಟೆ ತಂದು ಕೌಂಟರಿನ ಮೇಲಿಟ್ಟ. ಒಂದು ರೂಪಾಯಿ ಖರ್ಚಿಲ್ಲ. ಗುಲ್ಬರ್ಗಾದ ಒಂದು ಗಲ್ಲಿಯ ಅಂಗಡಿಗೆ ಯಾರೋ ಅಷ್ಟು ದೂರದಿಂದ ಕಳಿಸಿದ್ದಾರೆ ಅಂತ ಅವತ್ತು ಅದನ್ನು ಎಲ್ಲರಿಗೂ ತೋರಿಸಿದ್ದೆ. ಹಾಕಿಯೂ ನೋಡಿದೆ. ಪೇಜ್‌ಮೇಕರ್ ಇಲ್ಲ, ನನ್ನ ಫಾಂಟು ಇಲ್ಲ. ವಾರದೊಳಗೆ ವಾಪಸ್ ಬಂದೆ.

ಈ ಸಲ ಅವಸರ ಮಾಡಲಿಲ್ಲ. ಪೆನ್‌ಡ್ರೈವಿಗೆ ಲಿನಕ್ಸ್ ಮಿಂಟ್ 22 ಇಳಿಸಿ, ಅದರಿಂದಲೇ ಮಷೀನು ಶುರು ಮಾಡಿದೆ. ಈ ಸೌಲಭ್ಯ ಎಲ್ಲರೂ ಒಮ್ಮೆ ಬಳಸಿ ನೋಡಬೇಕು. ಹಾರ್ಡ್‌ಡಿಸ್ಕ್ ಮುಟ್ಟುವುದೇ ಇಲ್ಲ. ಬೇಡವಾದರೆ ಪೆನ್‌ಡ್ರೈವ್ ಕಿತ್ತು ಮತ್ತೆ ಆನ್ ಮಾಡಿ, ನಿಮ್ಮ ಹಳೇ ವಿಂಡೋಸ್ ಹಾಗೇ ಇರುತ್ತದೆ. ಮಿಂಟ್ 22ಕ್ಕೆ 2029ರ ತನಕ ಅಪ್‌ಡೇಟ್ ಬರುತ್ತದೆ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು. ವಿಂಡೋಸ್ ಬಳಸಿದವರಿಗೆ ದಾರಿ ತಪ್ಪುವುದಿಲ್ಲ.

ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡ ಹುಡುಕಿದೆ. ಐಬಸ್ ಅನ್ನುವ ಸೌಲಭ್ಯಕ್ಕೆ ಎಂ17ಎನ್ ಅನ್ನುವ ಭಾಗ ಸೇರಿಸಿದರೆ ಕನ್ನಡಕ್ಕೆ ಹಲವು ವಿನ್ಯಾಸ ಬರುತ್ತವೆ. ಅದರಲ್ಲಿ ಒಂದರ ಹೆಸರು ಕೆಜಿಪಿ. ಕನ್ನಡ ಗಣಕ ಪರಿಷತ್ತಿನ ಇಂಗ್ಲಿಷ್ ಮೊದಲಕ್ಷರಗಳು! ಆರಿಸಿ, ಕಣ್ಣು ಮುಚ್ಚಿ 'ಕಲಬುರಗಿ' ಅಂತ ಹೊಡೆದೆ. ಏಳು ಸಲ. ತೆರೆದು ನೋಡಿದರೆ ಊರ ಹೆಸರು ಸರಿಯಾಗಿ ಕೂತಿತ್ತು. ಅಲ್ಲಿಗೆ ನನ್ನ ಅರ್ಧ ತೀರ್ಮಾನ ಆಗಿಹೋಯಿತು.

1,800 ರೂಪಾಯಿ ಕೊಟ್ಟು ಹಾರ್ಡ್‌ಡಿಸ್ಕಿನ ಬದಲಿಗೆ 240 ಜಿಬಿ ಎಸ್‌ಎಸ್‌ಡಿ ತಂದು ನಾನೇ ಕೂರಿಸಿದೆ. ಹಳೇ ಹಾರ್ಡ್‌ಡಿಸ್ಕನ್ನು ಮುಟ್ಟಲಿಲ್ಲ, ಬಿಚ್ಚಿ ಕಾಗದ ಸುತ್ತಿ ಬೀರುವಿನಲ್ಲಿಟ್ಟೆ. ಅಕ್ಟೋಬರ್ 14 ಮಂಗಳವಾರ. ಅವತ್ತು ಅಂಗಡಿ ತೆರೆದಾಗ ಕೌಂಟರಿನಲ್ಲಿ ಮಿಂಟ್ ಓಡುತ್ತಿತ್ತು.

ಮೊದಲ ವಾರವೇ ಒಂದು ಲಾಭ ಕಂಡೆ. ವಿದ್ಯಾರ್ಥಿಗಳು ಪೆನ್‌ಡ್ರೈವ್ ತರುತ್ತಾರೆ. ಅದರಲ್ಲಿ ಶಾರ್ಟ್‌ಕಟ್ ವೈರಸ್ ಇರುತ್ತದೆ. ಫೋಲ್ಡರ್‌ಗಳು ಮಾಯವಾಗಿ ಅವುಗಳ ಹೆಸರಿನ ಶಾರ್ಟ್‌ಕಟ್ ಮಾತ್ರ ಕಾಣುತ್ತದೆ. ಅದರ ಮೇಲೆ ಕ್ಲಿಕ್ ಮಾಡಿದರೆ ನಮ್ಮ ಮಷೀನಿಗೂ ಹತ್ತುತ್ತದೆ, ಅಲ್ಲಿಂದ ಮುಂದಿನ ಗಿರಾಕಿಯ ಪೆನ್‌ಡ್ರೈವಿಗೂ ಹೋಗುತ್ತದೆ. ಒಬ್ಬ ಪಿಎಚ್‌ಡಿ ಹುಡುಗ ಬೆವರುತ್ತ ಬಂದ. "ಮೇಡಂ, ನನ್ನ ನಾಲ್ಕನೇ ಅಧ್ಯಾಯನೇ ಹೋಗೇದ್ರಿ." ಮಿಂಟ್‌ನಲ್ಲಿ ಹಾಕಿದೆ. ಆ ವೈರಸ್ ವಿಂಡೋಸ್‌ಗೆ ಬರೆದದ್ದು, ಇಲ್ಲಿ ಅದು ಏಳಲೇ ಇಲ್ಲ. ಮುಚ್ಚಿಟ್ಟ ಫೋಲ್ಡರ್ ಎದುರಿಗೇ ಇತ್ತು, ಅಧ್ಯಾಯ ಒಳಗೇ ಇತ್ತು. ಹುಡುಗ ಕುರ್ಚಿಯಲ್ಲಿ ಕುಸಿದು ಕೂತು ನೀರು ಕೇಳಿದ.

ಕಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ನನ್ನ ಹಳೇ ಲೇಸರ್ ಪ್ರಿಂಟರ್ ಎರಡು ಸಂಜೆ ತಿಂದಿತು. ಆದರೂ ಸರಿಹೋಗಲಿಲ್ಲ. ಈಗ ಪಿಡಿಎಫ್ ಮಾಡಿ ತಮ್ಮನ ಲ್ಯಾಪ್‌ಟಾಪಿನಿಂದ ಪ್ರಿಂಟ್ ಕೊಡುತ್ತೇವೆ. ಚಿತ್ರ ವಿನ್ಯಾಸದ ಕೋರೆಲ್‌ಡ್ರಾ ಲಿನಕ್ಸ್‌ಗೆ ಇಲ್ಲ. ಅದರ ಬದಲಿಗೆ ಸಿಗುವ ಇಂಕ್‌ಸ್ಕೇಪ್ ಒಳ್ಳೆಯದೇ, ಆದರೆ ಫ್ಲೆಕ್ಸ್ ಪ್ರಿಂಟಿಂಗ್‌ನವರು ಕೋರೆಲ್ ಫೈಲೇ ಬೇಕು ಅಂತಾರೆ. ಫ್ಲೆಕ್ಸ್ ಕೆಲಸವನ್ನು ನಾನು ಬೇರೆ ಅಂಗಡಿಗೆ ಕೊಟ್ಟುಬಿಟ್ಟೆ. ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ ಇದೆ. 1.5.3ಕ್ಕೂ ಮೊದಲಿನ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಬೀಳುತ್ತಿದ್ದವು, 2024ರ ಜನವರಿಯಲ್ಲಿ ಬಂದ 1.6ರಲ್ಲಿ ಚೆನ್ನಾಗಿ ಕೂರುತ್ತವೆ. ಪೇಜ್‌ಮೇಕರ್‌ನ ಶಾರ್ಟ್‌ಕಟ್‌ಗಳು ಕೈಯಲ್ಲಿರುವವರಿಗೆ ಮೊದಲ ತಿಂಗಳು ತಾಳ್ಮೆ ಬೇಕು.

ಫಾಂಟಿನ ವಿಷಯ ನನ್ನ ಮನಸ್ಸಿಗೆ ಹತ್ತಿರದ್ದು. ಹಳೇ ಪದ್ಧತಿಯಲ್ಲಿ ಕನ್ನಡಕ್ಕೆ ಬಗೆಬಗೆಯ ಅಲಂಕಾರದ ಫಾಂಟ್ ಇದ್ದವು. ಯೂನಿಕೋಡ್‌ನಲ್ಲಿ ಅಷ್ಟಿಲ್ಲ. ಆದರೂ ಈಗ ಮುಕ್ತವಾಗಿ ಸಿಗುವವು ಕಮ್ಮಿ ಏನಿಲ್ಲ. ಗುಬ್ಬಿ, ನವಿಲು, ಲೋಹಿತ್, ನೋಟೋ ಸೆರಿಫ್, ತಿರೋ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ. ಪುಸ್ತಕದ ಒಡಲಿಗೆ ತಿರೋ ಹಾಕಿದೆ, ಮೊಳೆ ಜೋಡಿಸಿದ ಕಾಲದ ಪುಟದ ಹಾಗೆ ಕಾಣುತ್ತದೆ. ಮದುವೆ ಕಾರ್ಡಿನ ಹೆಸರುಗಳಿಗೆ ಬಲೂ ತಮ್ಮ ಚೆಂದ. ಇವುಗಳನ್ನು ಮಾಡಿ ಹಂಚಿದವರಿಗೆ ನಾನು ದಿನಾ ಋಣಿ.

ಗೋಡೆ ಬದಿಯ ವಿಂಡೋಸ್ 7 ಮಷೀನನ್ನು ತೆಗೆಯಲಿಲ್ಲ. ಅದರ ನೆಟ್ ಕೇಬಲ್ ಕಿತ್ತು ಸುತ್ತಿಟ್ಟೆ. ಯುಎಸ್‌ಬಿಗೆ ಹೊರಗಿನವರ ಪೆನ್‌ಡ್ರೈವ್ ಹಾಕುವುದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಬಂದು ಅಪ್‌ಡೇಟ್ ಇಲ್ಲದ ಮಷೀನುಗಳ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿದ್ದು ನೆನಪಿದೆ. ಅಪ್‌ಡೇಟ್ ನಿಂತ ಮಷೀನನ್ನು ನೆಟ್ಟಿಗೆ ಬಿಡಬಾರದು, ಯಾರೇ ಏನೇ ಹೇಳಲಿ. ಅದರಲ್ಲಿ ಇನ್‌ಪೇಜ್ ಇದೆ, ಪೇಜ್‌ಮೇಕರ್ ಇದೆ. ಉರ್ದು ಗಿರಾಕಿಗಳಿಗೆ ಇನ್‌ಪೇಜಿನ ನಸ್ತಾಲೀಕ್ ಶೈಲಿಯ ಬರಹವೇ ಬೇಕು. ನೋಟೋ ನಸ್ತಾಲೀಕ್ ಅನ್ನುವ ಯೂನಿಕೋಡ್ ಫಾಂಟನ್ನು ಮಿಂಟ್‌ನಲ್ಲಿ ಪ್ರಿಂಟ್ ಮಾಡಿ ಪಕ್ಕದ ಗಲ್ಲಿಯ ಕಾತಿಬ್ ಸಾಹೇಬರಿಗೆ ತೋರಿಸಿದೆ. ಒಂದು ಕಾಲಕ್ಕೆ ಕೈಯಲ್ಲಿ ಕಾರ್ಡು ಬರೆಯುತ್ತಿದ್ದವರು ಅವರು. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. "ಹರ್ಫ್ ಸರಿ ಅದ. ಸಾಲು ನಮ್ಮೂರ ಕಾರ್ಡಿನಂಗ ಒತ್ತಾಗಿ ಕೂಡೋದಿಲ್ಲ ನೋಡ್ರಿ" ಅಂದರು. ಅವರು ಒಪ್ಪುವ ತನಕ ಇನ್‌ಪೇಜ್ ಇರಲಿ.

ಈಗ ಆ 212 ಹಾಡು.

ಲಿಬ್ರೆ ಆಫೀಸ್ ಅನ್ನುವ ಸಾಫ್ಟ್‌ವೇರ್ ಪೇಜ್‌ಮೇಕರ್ ಫೈಲು ತೆರೆಯುತ್ತದೆ ಅಂತ ಓದಿದ್ದೆ. ತೆರೆಯಿತು. ಪುಟ, ಗೆರೆ, ಚೌಕಟ್ಟು ಎಲ್ಲ ಬಂದವು. ಅಕ್ಷರ ಮಾತ್ರ ಅದೇ ಪಿ, ಅದೇ ಪೌಂಡು. ಹಾಗಾಗಿ ಗೋಡೆ ಬದಿಯ ಮಷೀನಿನಲ್ಲೇ ಪೇಜ್‌ಮೇಕರ್ ತೆರೆದು, ಹಾಡುಗಳನ್ನು ಬರೀ ಪಠ್ಯವಾಗಿ ಹೊರಗೆ ತೆಗೆದೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿದೆ. ಪರಿವರ್ತನೆಗೆ ಕೆಲವೇ ಕ್ಷಣ. ತಿದ್ದಲಿಕ್ಕೆ ಐದು ವಾರ.

ಯಾಕೆ ಅಷ್ಟು ಅಂತ ಕೇಳಿ. ಹಳೇ ಪದ್ಧತಿಯಲ್ಲಿ ಅಕ್ಷರ ಕಾಣುವ ಕ್ರಮದಲ್ಲಿ ಇರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ. 'ಧರ್ಮ' ಬರೆದಾಗ ಅರ್ಕಾವತ್ತು ಕಾಣುವುದು ಮ ಆದ ಮೇಲೆ. ಯೂನಿಕೋಡ್‌ಗೆ ಅದು ಮ-ಗಿಂತ ಮೊದಲು ಬರಬೇಕು. ಪರಿವರ್ತಿಸುವ ಸಾಧನ ಅದನ್ನು ಹಿಂದಕ್ಕೆ ಎಳೆದು ಕೂರಿಸುತ್ತದೆ. ಬಹಳ ಕಡೆ ಸರಿಯಾಗಿಯೇ ಎಳೆಯಿತು. ನಿಜವಾದ ಪೇಚು ಬೇರೆ ಇತ್ತು. ಬೀಸುವ ಪದದಲ್ಲಿ 'ಹರ‍್ಯಾಗ' ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಬೆಳಗಿನ ಜಾವ ಅಂತ ಅರ್ಥ, ಬೀಸಲಿಕ್ಕೆ ಕೂರುವ ಹೊತ್ತು. ಮೇಷ್ಟ್ರು ಅವತ್ತು ಪೆನ್ಸಿಲ್‌ನಿಂದ ಸುತ್ತು ಹಾಕಿ ಹೇಳಿದ್ದರು, ರ ಪೂರ್ತಿ ಇರಬೇಕು, ಕೆಳಗೆ ಯ ಒತ್ತು ಬರಬೇಕು, ಅರ್ಕಾವತ್ತು ಬ್ಯಾಡ ಅಂತ. ನುಡಿಯಲ್ಲಿ ಹಾಗೇ ಹೊಡೆದಿದ್ದೆ. ಪರಿವರ್ತನೆ ಆದ ಮೇಲೆ ನೋಡಿದರೆ ಎಲ್ಲ ಕಡೆ 'ಹರ್ಯಾಗ' ಆಗಿತ್ತು.

ಯೂನಿಕೋಡ್‌ನಲ್ಲಿ ರ ಪೂರ್ತಿ ಉಳಿಯಬೇಕಾದರೆ ರ ಮತ್ತು ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆಯ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇಡಬೇಕು. ಮಿಂಟ್‌ನಲ್ಲಿ ಕಂಟ್ರೋಲ್, ಶಿಫ್ಟ್, ಯು ಮೂರೂ ಒಟ್ಟಿಗೆ ಒತ್ತಿ, 200ಡಿ ಅಂತ ಹೊಡೆದು, ಎಂಟರ್ ಕೊಟ್ಟರೆ ಅದು ಬರುತ್ತದೆ. ಮೊದಲ ಸಲ ಹಾಕಿದಾಗ ತೆರೆಯ ಮೇಲೆ ಅರ್ಕಾವತ್ತು ಕರಗಿ, ರ ನೆಟ್ಟಗೆ ನಿಂತು, ಯ ಅದರ ಕೆಳಗೆ ಇಳಿಯಿತು. ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ. ಆ ಸ್ಟೂಲ್ ಇನ್ನೂ ಇದೆ, ಅದರ ಕಡೆ ನೋಡಿದೆ. 61 ಜಾಗ ಇದ್ದವು. ಒಂದೇ ಸಲಕ್ಕೆ ಬದಲಾಯಿಸಬಹುದಿತ್ತು. 'ಸೂರ್ಯ'ನಿಗೆ ಅರ್ಕಾವತ್ತೇ ಬೇಕಲ್ವಾ, ಅದಕ್ಕೇ ಒಂದೊಂದನ್ನೂ ಓದಿ ತಿದ್ದಿದೆ.

ಅಂಗಡಿಯ ಉಳಿದ ಸುಮಾರು 4,000 ಫೈಲುಗಳನ್ನೂ ಹೀಗೇ ಮಾಡುತ್ತೇನೆ. ದಿನಕ್ಕೆ ಐದು, ಬೆಳಿಗ್ಗೆ ಗಿರಾಕಿ ಬರುವ ಮೊದಲು. ಕಾರ್ಡು, ಕರಪತ್ರ ಬಿಡಬಹುದು. ಪುಸ್ತಕ, ವಂಶಾವಳಿ, ಊರಿನ ಇತಿಹಾಸ, ತತ್ವಪದ, ಇವನ್ನು ಬಿಡುವ ಹಾಗಿಲ್ಲ. ಅದು ಮುಗಿದ ದಿನ ನನಗೆ ಮ್ಯಾಕ್ ಬೇಕು ಅನ್ನಿಸಿದರೆ ಮ್ಯಾಕ್ ತಗೋತೀನಿ, ವಿಂಡೋಸ್ ಬೇಕಾದರೆ ವಿಂಡೋಸ್. ಫೈಲುಗಳು ಜೊತೆಗೆ ಬರುತ್ತವೆ. ಡಿಟಿಪಿ ಗೆಳೆಯರು ಯಾರಾದರೂ ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ. ಹೊಸ ಮಷೀನು ಆಮೇಲೆ ನೋಡಿ. ಪೇಜ್‌ಮೇಕರ್ ಓಡುವ ಒಂದು ಮಷೀನು ಬದುಕಿರುವಾಗಲೇ ಅದರೊಳಗಿನ ಪುಸ್ತಕಗಳನ್ನು ಹೊರಗೆ ತೆಗೆದುಬಿಡಿ.

ಹೋದ ವಾರ ಪೂರ್ತಿ ಪುಸ್ತಕವನ್ನು ಹುಡುಗಿಯ ಫೋನಿಗೆ ಕಳಿಸಿದೆ. ಮರುದಿನ ಅವಳಿಂದ ಒಂದು ಧ್ವನಿ ಸಂದೇಶ ಬಂತು. ಮಾತಾಡಿದ್ದು ಅವಳ ಅವ್ವ. ಫೋನಿನಲ್ಲಿ ಓದುತ್ತ ಹೋದಾಗ, ತಮ್ಮ ಅತ್ತಿ ಹಾಡುತ್ತಿದ್ದ ಒಂದು ಪದ ಪುಸ್ತಕದಲ್ಲಿ ಇಲ್ಲ ಅಂತ ತಿಳಿಯಿತಂತೆ. "ಮಾವಾರಿಗೆ ಇದು ಸಿಕ್ಕಿದ್ದಿಲ್ಲ ಕಾಣಸ್ತದ. ನಾ ಹೇಳ್ತೀನಿ, ನೀವು ಬರಕೋರಿ" ಅಂತ ಹೇಳಿ ಪೂರಾ ಹಾಡಿದ್ದರು. ಹಿಂದೆ ಕುಕ್ಕರ್ ಕೂಗುವುದು ಕೇಳುತ್ತಿತ್ತು. ನಿನ್ನೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅದನ್ನು ನಿಲ್ಲಿಸಿ ನಿಲ್ಲಿಸಿ ಕೇಳುತ್ತ ಟೈಪ್ ಮಾಡಿದೆ. 14 ಸಾಲು. ಎರಡು ಕಡೆ 'ಹರ‍್ಯಾಗ' ಬಂತು. ಸಂಖ್ಯೆ 213 ಅಂತ ಹಾಕಿ ಕಳಿಸಿದ್ದೇನೆ, ಅವರು ನೋಡಿ ತಪ್ಪು ಹೇಳಬೇಕು.